ಆಟ ಶುರುವಾದ ಮೇಲೆ ನಿಯಮ ಬದಲಾಯಿಸಬಹುದಾ? ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯ ಜಗಳಗಳು

ಹುರಾನ್ ತೀರ

2008ರ ಜನವರಿ 15. ಮಿಷಿಗನ್‌ನಲ್ಲಿ ಅವತ್ತು ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನ ಮತ ಹಾಕುವ ದಿನ. ನನಗೆ ಅಮೆರಿಕದ ಪೌರತ್ವ ಸಿಕ್ಕಿ ಒಂದು ವರ್ಷವೂ ತುಂಬಿರಲಿಲ್ಲ. ಮನೆ ಹತ್ತಿರದ ಶಾಲೆಯ ಜಿಮ್‌ನಲ್ಲಿ ಮತಗಟ್ಟೆ. ಬಂದವರ ಬೂಟಿನ ಹಿಮ ಕರಗಿ ಬಾಗಿಲ ಬಳಿ ನೆಲವೆಲ್ಲ ಒದ್ದೆ. ಬ್ಯಾಲೆಟ್ ತಗೊಂಡು ಮರೆಯ ಹಿಂದೆ ನಿಂತೆ. ಹಿಲರಿ ಕ್ಲಿಂಟನ್ ಹೆಸರಿತ್ತು. ಕ್ರಿಸ್ ಡಾಡ್, ಡೆನಿಸ್ ಕುಸಿನಿಚ್, ಮೈಕ್ ಗ್ರಾವೆಲ್ ಇದ್ದರು. ಬರಾಕ್ ಒಬಾಮಾ ಇರಲಿಲ್ಲ. ಜಾನ್ ಎಡ್ವರ್ಡ್ಸ್ ಇರಲಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು, 'ಅನ್‌ಕಮಿಟೆಡ್'. ಯಾರ ಪರವೂ ಅಲ್ಲ ಅಂತ ಅರ್ಥ. ಒಬಾಮಾ ಬೇಕು ಅನ್ನುವವರು ಅದಕ್ಕೇ ಹಾಕಬೇಕಿತ್ತು. ಅವರ ಹೆಸರನ್ನು ಕೈಯಲ್ಲಿ ಬರೆದರೆ ಎಣಿಸುತ್ತಿರಲಿಲ್ಲ. ನಾನು ಆ ಸಾಲಿನ ಮುಂದಿನ ಗುಂಡಿಯನ್ನೇ ಕಪ್ಪು ಮಾಡಿ ಹೊರಗೆ ಬಂದೆ.

ಹೀಗಾಗಲು ಕಾರಣ ಇಷ್ಟೇ. ಆ ವರ್ಷ ಫೆಬ್ರವರಿ 5ಕ್ಕೂ ಮುಂಚೆ ಪ್ರೈಮರಿ ಅಥವಾ ಕಾಕಸ್ (ಜನ ಒಂದೆಡೆ ಸೇರಿ ಅಭ್ಯರ್ಥಿಯನ್ನು ಆರಿಸುವ ಸಭೆ) ನಡೆಸಲು ಪಕ್ಷದ ರಾಷ್ಟ್ರೀಯ ಸಮಿತಿ ನಾಲ್ಕೇ ರಾಜ್ಯಗಳಿಗೆ ಅನುಮತಿ ಕೊಟ್ಟಿತ್ತು. ಅಯೋವಾ, ನ್ಯೂ ಹ್ಯಾಂಪ್‌ಶೈರ್, ನೆವಾಡಾ, ಸೌತ್ ಕೆರೊಲಿನಾ. ಫ್ಲೋರಿಡಾ ಮತ್ತು ಮಿಷಿಗನ್ ಅದನ್ನು ಮೀರಿ ಜನವರಿಯಲ್ಲೇ ದಿನ ಇಟ್ಟುಕೊಂಡವು. ಸಮಿತಿ ಎರಡೂ ರಾಜ್ಯಗಳ ಎಲ್ಲ ಡೆಲಿಗೇಟ್‌ಗಳನ್ನೂ, ಅಂದರೆ ಪಕ್ಷದ ಸಮಾವೇಶದಲ್ಲಿ ಮತ ಹಾಕುವ ಪ್ರತಿನಿಧಿಗಳನ್ನೂ, ಕಿತ್ತುಕೊಂಡಿತು. ಅಭ್ಯರ್ಥಿಗಳು ಅಲ್ಲಿ ಪ್ರಚಾರ ಮಾಡುವುದಿಲ್ಲ ಅಂತ ಒಪ್ಪಿಕೊಂಡರು. ಒಬಾಮಾ, ಎಡ್ವರ್ಡ್ಸ್, ಬೈಡನ್, ರಿಚರ್ಡ್‌ಸನ್ ಮಿಷಿಗನ್ ಬ್ಯಾಲೆಟ್‌ನಿಂದ ಹೆಸರನ್ನೂ ತೆಗೆಸಿದರು. ಕ್ಲಿಂಟನ್ ತೆಗೆಸಲಿಲ್ಲ. ಅವರಿಗೆ ಸುಮಾರು 55%, ಅನ್‌ಕಮಿಟೆಡ್‌ಗೆ ಸುಮಾರು 40% ಮತ ಬಿತ್ತು.

ಇಷ್ಟೇ ಆಗಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ವಸಂತ ಬರುವ ಹೊತ್ತಿಗೆ ಇಬ್ಬರ ನಡುವೆ ಒಂದೊಂದು ಡೆಲಿಗೇಟ್‌ಗೂ ಜಗ್ಗಾಟ ಶುರುವಾಗಿತ್ತು. ಜನರ ಮತ ಎಣಿಸಬೇಕು ಅಂತ ಕ್ಲಿಂಟನ್ ಕಡೆಯವರು. ನಿಯಮ ನಿಯಮವೇ ಅಂತ ಒಬಾಮಾ ಕಡೆಯವರು. ಮೇ 31ರಂದು ವಾಷಿಂಗ್ಟನ್‌ನ ಒಂದು ಹೋಟೆಲಿನಲ್ಲಿ ಪಕ್ಷದ ನಿಯಮ ಸಮಿತಿ ಕೂತಿತು. ನಾನು ಇಡೀ ಶನಿವಾರ ಟಿವಿ ಮುಂದೆ ಕೂತಿದ್ದೆ. ಕೊನೆಗೆ ಎರಡೂ ರಾಜ್ಯಗಳ ಡೆಲಿಗೇಟ್‌ಗಳನ್ನು ವಾಪಸ್ ಸೇರಿಸಿದರು, ಒಬ್ಬೊಬ್ಬರಿಗೆ ಅರ್ಧ ಮತದಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಿಷಿಗನ್ ಫಲಿತಾಂಶದ ಪ್ರಕಾರ ಕ್ಲಿಂಟನ್‌ಗೆ 73, ಅನ್‌ಕಮಿಟೆಡ್‌ಗೆ 55 ಬರಬೇಕಿತ್ತು. ಸಮಿತಿ ಕೊಟ್ಟದ್ದು ಕ್ಲಿಂಟನ್‌ಗೆ 69, ಒಬಾಮಾಗೆ 59. ಹೆಸರೇ ಇಲ್ಲದ ಮನುಷ್ಯನಿಗೆ 59! ಅದರಲ್ಲಿ ನಾಲ್ಕು ಕ್ಲಿಂಟನ್ ಲೆಕ್ಕದಿಂದ ತೆಗೆದದ್ದು. ಈ ನಿರ್ಧಾರ 19–8ರಲ್ಲಿ ಪಾಸಾಯಿತು. ಕ್ಲಿಂಟನ್ ಸಲಹೆಗಾರ ಹೆರಾಲ್ಡ್ ಇಕಿಸ್ ಅದೇ ಸಮಿತಿಯ ಸದಸ್ಯ. ಅವರು ಸಿಟ್ಟಿನಿಂದ ವಿರೋಧಿಸಿದರು. ಆದರೆ 2007ರಲ್ಲಿ ಡೆಲಿಗೇಟ್‌ಗಳನ್ನು ಕಿತ್ತುಕೊಳ್ಳುವಾಗ ಅವರೇ ಕೈ ಎತ್ತಿದ್ದರು.

ನಾನು ಒಬಾಮಾ ಬೆಂಬಲಿಗ. ಆ ನಾಲ್ಕು ನನ್ನ ಕಡೆಗೆ ಬಂದವು. ಆದರೂ ಅವತ್ತು ಮನಸ್ಸಿಗೆ ಸರಿ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ನಾನು ಹಾಕಿದ್ದು 'ಯಾರಿಗೂ ಇಲ್ಲ' ಅಂತ. ಅದನ್ನು ಒಂದು ಹೆಸರಾಗಿ ಬದಲಾಯಿಸಲು ಅವರು ಯಾರು? ಆಟಕ್ಕೆ ಮುಂಚೆ ನಿಯಮ ಎಷ್ಟು ಬೇಕಾದರೂ ಜಗಳ ಆಡಿ ಮಾಡಿ. ಶುರುವಾದ ಮೇಲೆ ಮುಟ್ಟಬೇಡಿ. ನ್ಯಾಯ ಅಂದರೆ ಅಷ್ಟೇ ಅಂತ ನನ್ನ ನಂಬಿಕೆ. ನೀವೇನಂತೀರಿ?

ಅರಸೀಕೆರೆ ಜಂಕ್ಷನ್

ಊರಿಂದ ಓದುತ್ತಿದ್ದೇನೆ. ನನ್ನ ಅಕ್ಕ ಅಲ್ಲಿದ್ದಾಳೆ, ಹಾಗಾಗಿ ಸ್ವಲ್ಪ ಗೊತ್ತು. ಆದರೂ ಒಂದು ಮಾತು ಅರ್ಥವಾಗುವುದಿಲ್ಲ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಕೊನೇ ಗಳಿಗೆಯಲ್ಲಿ ಬಿ ಫಾರಂ ಬದಲಾಗಿ ಅಳುತ್ತಾ ಹೋದವರನ್ನೂ ನೋಡಿದ್ದೇವೆ. ಅಲ್ಲಿ ಸಾಮಾನ್ಯ ಮತದಾರನೇ ಅಭ್ಯರ್ಥಿಯನ್ನು ಆರಿಸುತ್ತಾನೆ ಅಂದರೆ ಈ ಸಮಿತಿ, ಈ ಡೆಲಿಗೇಟ್ ಎಲ್ಲ ಯಾಕೆ? ಮತ ಎಣಿಸಿ ಜಾಸ್ತಿ ಬಂದವರನ್ನು ನಿಲ್ಲಿಸಿದರೆ ಆಯಿತಲ್ವಾ?

ಕರಿಕೋಟು

ಅರಸೀಕೆರೆಯವರೇ, ನಿಮ್ಮ ಪ್ರಶ್ನೆಯೇ ಇಡೀ ಜಗಳದ ಬೇರು. ಅಲ್ಲಿ ಅಭ್ಯರ್ಥಿಯನ್ನು ಆರಿಸುವುದು ಕಾನೂನಿನ ಪ್ರಕಾರ ಪಕ್ಷದ ಸಮಾವೇಶ. ಸಮಾವೇಶದಲ್ಲಿ ಮತ ಹಾಕುವವರು ಡೆಲಿಗೇಟ್‌ಗಳು. ಜನರು ಪ್ರೈಮರಿಯಲ್ಲಿ ಹಾಕುವ ಮತ ಯಾರ ಡೆಲಿಗೇಟ್ ಎಷ್ಟು ಅಂತ ಹೇಳುತ್ತದೆ. ಪ್ರೈಮರಿ ನಡೆಸುವುದು ಬಹುಪಾಲು ರಾಜ್ಯ ಸರ್ಕಾರ, ಸರ್ಕಾರದ ದುಡ್ಡಲ್ಲಿ. ನಿಯಮ ಮಾಡುವುದು ಪಕ್ಷ. ಒಂದು ಗಾಡಿಗೆ ಇಬ್ಬರು ಸಾರಥಿಗಳು. ಫ್ಲೋರಿಡಾದ ದಿನ ಬದಲಾಯಿಸಿದ್ದು ರಿಪಬ್ಲಿಕನ್ನರ ಬಹುಮತ ಇದ್ದ ಶಾಸನಸಭೆ. ಡೆಮಾಕ್ರಟಿಕ್ ಶಾಸಕರೂ ಕೈ ಜೋಡಿಸಿದ್ದರು, ಅದು ಬೇರೆ ಮಾತು. ಶಿಕ್ಷೆ ಬಿದ್ದದ್ದು ಡೆಮಾಕ್ರಟಿಕ್ ಮತದಾರರಿಗೆ. ರಿಪಬ್ಲಿಕನ್ ಪಕ್ಷ ತನ್ನ ಕಡೆ ಅರ್ಧ ಡೆಲಿಗೇಟ್ ಮಾತ್ರ ಕತ್ತರಿಸಿ ಸುಮ್ಮನಾಯಿತು.

ಪಕ್ಷ ಖಾಸಗಿ ಸಂಘ, ತನ್ನ ಅಭ್ಯರ್ಥಿಯನ್ನು ತನಗೆ ಬೇಕಾದಂತೆ ಆರಿಸುತ್ತದೆ ಅನ್ನುವ ವಾದ ಹಳೆಯದು. ಅದಕ್ಕೆ ಎರಡು ಮುಖ. 1975ರಲ್ಲಿ ಕಸಿನ್ಸ್ ವಿರುದ್ಧ ವಿಗೋಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಕ್ಷದ ಪರ ನಿಂತಿತು. ರಾಷ್ಟ್ರೀಯ ಸಮಾವೇಶದಲ್ಲಿ ಯಾರನ್ನು ಕೂರಿಸಬೇಕು ಅನ್ನುವುದಕ್ಕೆ ರಾಜ್ಯದ ಕಾನೂನಿಗಿಂತ ಪಕ್ಷದ ನಿಯಮ ಮೇಲು ಅಂದಿತು. ಆದರೆ ಅದಕ್ಕೂ ಮುಂಚೆ, 1944ರಲ್ಲಿ, ಸ್ಮಿತ್ ವಿರುದ್ಧ ಆಲ್‌ರೈಟ್ ಇದೆ. ಟೆಕ್ಸಾಸ್‌ನ ಡೆಮಾಕ್ರಟಿಕ್ ಪಕ್ಷ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಮತ ಅಂತ ನಿಯಮ ಮಾಡಿಕೊಂಡಿತ್ತು. ನಮ್ಮದು ಖಾಸಗಿ ಸಂಘ, ಕೇಳಲು ನೀವ್ಯಾರು ಅನ್ನುವುದೇ ಅವರ ವಾದ. ಹ್ಯೂಸ್ಟನ್‌ನ ಕಪ್ಪು ದಂತವೈದ್ಯ ಲಾನಿ ಸ್ಮಿತ್ ಕೋರ್ಟಿಗೆ ಹೋದರು. ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು.

ಹುರಾನ್ ಅವರೇ, ಟೆಕ್ಸಾಸ್‌ನ ಆ ನಿಯಮ ಆಟಕ್ಕೆ ಎಷ್ಟೋ ವರ್ಷ ಮುಂಚೆ ಮಾಡಿದ್ದು. ಎಲ್ಲರಿಗೂ ಗೊತ್ತಿದ್ದದ್ದು. ನಿಮ್ಮ ಅಳತೆಗೋಲಿನಲ್ಲಿ ಅದು ನ್ಯಾಯವೇ ಆಗಿಬಿಡುತ್ತದೆ.

ಕ್ವೀನ್ಸ್ ಕಾಫಿ

ನನ್ನ ಗಾಯ 2016ರದು. ಪೌರತ್ವ ಬಂದಾಗ ಮತದಾರರ ನೋಂದಣಿ ಫಾರಂ ತುಂಬಿದೆ. ಅದರಲ್ಲಿ ಪಕ್ಷದ ಖಾನೆ ಒಂದಿದೆ. ಯಾವ ಪಕ್ಷದ ಹಂಗೂ ಬೇಡ, ಅಭ್ಯರ್ಥಿ ನೋಡಿ ಮತ ಹಾಕೋಣ ಅಂತ 'ಯಾವ ಪಕ್ಷಕ್ಕೂ ಸೇರುವುದಿಲ್ಲ' ಅನ್ನುವುದಕ್ಕೆ ಗುರುತು ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಕ್ಲಿಂಟನ್ ವಿರುದ್ಧ ನಿಂತಿದ್ದ ಬರ್ನಿ ಸ್ಯಾಂಡರ್ಸ್ ಮಾತು ಕೇಳಿ ಮನಸ್ಸು ಅವರ ಕಡೆ ವಾಲಿದ್ದು ಆ ಚಳಿಗಾಲದಲ್ಲಿ. ನ್ಯೂಯಾರ್ಕ್ ಪ್ರೈಮರಿ ಏಪ್ರಿಲ್ 19. ಪಕ್ಷದ ಸದಸ್ಯರಿಗೆ ಮಾತ್ರ ಮತ. ಮೊದಲೇ ನೋಂದಾಯಿಸಿದವರು ಪಕ್ಷ ಬದಲಾಯಿಸಲು ಕೊನೇ ದಿನ ಯಾವುದು ಗೊತ್ತಾ? 2015ರ ಅಕ್ಟೋಬರ್ 9. ಆರು ತಿಂಗಳು ಮುಂಚೆ! ಅಭ್ಯರ್ಥಿಗಳ ಮೊದಲ ಚರ್ಚೆ ನಡೆಯುವುದಕ್ಕೂ ನಾಲ್ಕು ದಿನ ಮುಂಚೆ. ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್‌ಗೇ ಈ ದಿನ ತಪ್ಪಿಹೋಗಿ ಅಪ್ಪನಿಗೆ ಪ್ರೈಮರಿಯಲ್ಲಿ ಮತ ಹಾಕಲು ಆಗಲಿಲ್ಲ.

ಅದೇ ಚುನಾವಣೆಯಲ್ಲಿ ಬ್ರೂಕ್ಲಿನ್‌ನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಹೆಸರುಗಳು ಮತದಾರರ ಪಟ್ಟಿಯಿಂದಲೇ ಹೋಗಿದ್ದವು.

ಇನ್ನು ಸೂಪರ್‌ಡೆಲಿಗೇಟ್‌ಗಳು. ಸಂಸದರು, ಗವರ್ನರ್‌ಗಳು, ರಾಷ್ಟ್ರೀಯ ಸಮಿತಿಯ ಸದಸ್ಯರು. ಆಗ ಸುಮಾರು 700 ಜನ, ಒಟ್ಟು ಡೆಲಿಗೇಟ್‌ಗಳಲ್ಲಿ ಸುಮಾರು 15%. ಯಾರ ಮತವನ್ನೂ ಕೇಳಬೇಕಿಲ್ಲ, ತಮಗೆ ಬೇಕಾದವರಿಗೆ ಹಾಕಬಹುದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸ್ಯಾಂಡರ್ಸ್ 60–38ರಲ್ಲಿ ಗೆದ್ದರು. ಡೆಲಿಗೇಟ್ 15–9. ಮರುದಿನ ಟಿವಿಯಲ್ಲಿ ತೋರಿಸಿದ್ದು 15–15. ಆರು ಸೂಪರ್‌ಡೆಲಿಗೇಟ್‌ಗಳು ಕ್ಲಿಂಟನ್ ಪರ ಅಂತ ಮೊದಲೇ ಹೇಳಿದ್ದರು. ಇಪ್ಪತ್ತೆರಡು ಪಾಯಿಂಟ್ ಅಂತರದಲ್ಲಿ ಗೆದ್ದ ಮೇಲೂ ಸಮಬಲ ಅಂದರೆ ಮುಂದಿನ ರಾಜ್ಯದವರಿಗೆ ಏನನ್ನಿಸಬೇಕು? ಕ್ಯಾಲಿಫೋರ್ನಿಯಾ ಜೂನ್ 7ಕ್ಕೆ ಮತ ಹಾಕಬೇಕಿತ್ತು. ಜೂನ್ 6ರ ರಾತ್ರಿಯೇ ಸುದ್ದಿಸಂಸ್ಥೆ ಸೂಪರ್‌ಡೆಲಿಗೇಟ್‌ಗಳನ್ನು ಸೇರಿಸಿ ಎಣಿಸಿ ಕ್ಲಿಂಟನ್ ಗೆದ್ದಾಯಿತು ಅಂತ ಘೋಷಿಸಿತು.

ಜುಲೈನಲ್ಲಿ ರಾಷ್ಟ್ರೀಯ ಸಮಿತಿಯ ಇಮೇಲ್‌ಗಳು ವಿಕಿಲೀಕ್ಸ್‌ನಲ್ಲಿ ಹೊರಬಿದ್ದವು. ಒಳಗಿನವರ ಒಲವು ಯಾರ ಕಡೆ ಅನ್ನುವುದು ಬರಹದಲ್ಲೇ ಇತ್ತು. ಎರಡೇ ದಿನದಲ್ಲಿ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಘೋಷಿಸಿದರು. ಅಂಪೈರೇ ಒಂದು ತಂಡದ ಕಡೆ ಇದ್ದರೆ ನಿಯಮ ಪುಸ್ತಕದಲ್ಲಿ ಏನು ಬರೆದಿದ್ದರೆ ಏನು?

ಮಳೆಯೂರು

ಕಾಫಿಯವರೇ, ನಿಮ್ಮ ನೋವು ನಿಜ. ಆದರೆ ಅದೇ 2016ರ ಇನ್ನೊಂದು ತುದಿ ಹೇಳುತ್ತೇನೆ. ನಾನಿರುವುದು ಸಿಯಾಟಲ್ ಹತ್ತಿರ. ನಮ್ಮ ರಾಜ್ಯದಲ್ಲಿ ಆಗ ಡೆಮಾಕ್ರಟಿಕ್ ಕಾಕಸ್ ನಡೆಯುತ್ತಿತ್ತು. ಮಾರ್ಚ್ 26, ಶನಿವಾರ, ಬೆಳಗ್ಗೆ 10 ಗಂಟೆ. ಒಂದು ಶಾಲೆಯ ಊಟದ ಹಾಲಿನಲ್ಲಿ ಮೇಜಿಗೊಂದು ವಾರ್ಡಿನ ಹಾಗೆ ನಮ್ಮನ್ನು ಕೂರಿಸಿದರು. ಹೆಸರು, ಅಭ್ಯರ್ಥಿ ಬರೆದು ಸಹಿ ಹಾಕಬೇಕು. ಎಲ್ಲರಿಗೂ ಕಾಣುವಂತೆ. ಆಮೇಲೆ ಒಬ್ಬೊಬ್ಬರೂ ಎದ್ದು ಮಾತಾಡಬಹುದು, ಪಕ್ಕದವರ ಮನಸ್ಸು ಬದಲಿಸಬಹುದು. ನಮ್ಮ ಮೇಜಿನಲ್ಲಿ ಒಬ್ಬ ಹುಡುಗ ಕಾಲೇಜು ಸಾಲದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ ಒಬ್ಬ ಅಜ್ಜಿ ಪೆನ್ನು ತಗೊಂಡು ತಮ್ಮ ಹೆಸರಿನ ಮುಂದಿನ ಅಭ್ಯರ್ಥಿಯನ್ನು ಹೊಡೆದು ಸ್ಯಾಂಡರ್ಸ್ ಅಂತ ಬರೆದರು. ನನ್ನ ಕಣ್ಣಲ್ಲಿ ನೀರು ಬಂತು. ಪ್ರಜಾಪ್ರಭುತ್ವ ಅಂದರೆ ಇದೇ ಅನ್ನಿಸಿತು.

ಮನೆಗೆ ಬಂದಾಗ ಪಕ್ಕದ ಮನೆಯಾಕೆ ಸಿಕ್ಕಿದರು. ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗಿದ್ದರು. ಅವರಿಗೂ ಅಭಿಪ್ರಾಯ ಇತ್ತು, ಆದರೆ ಆ ಹಾಲಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ.

ರಾಜ್ಯದಲ್ಲಿ ಕಾಕಸ್‌ಗೆ ಬಂದವರು ಸುಮಾರು 2,30,000. ಸ್ಯಾಂಡರ್ಸ್‌ಗೆ ಸುಮಾರು 73%. ಡೆಲಿಗೇಟ್‌ಗಳು ಹಂಚಿಕೆಯಾಗಿದ್ದು ಅದರಿಂದಲೇ. ಮೇ 24ಕ್ಕೆ ರಾಜ್ಯ ಸರ್ಕಾರ ಪ್ರೈಮರಿಯನ್ನೂ ನಡೆಸಿತು. ಅಂಚೆಯಲ್ಲಿ ಬ್ಯಾಲೆಟ್ ಮನೆಗೇ ಬರುತ್ತದೆ. ಅದರಲ್ಲಿ ಸುಮಾರು 8,00,000 ಜನ ಡೆಮಾಕ್ರಟಿಕ್ ಮತ ಹಾಕಿದರು. ಗೆದ್ದದ್ದು ಕ್ಲಿಂಟನ್. ಆದರೆ ಆ ಮತಕ್ಕೆ ಒಂದು ಡೆಲಿಗೇಟೂ ಇಲ್ಲ. ನೆಬ್ರಾಸ್ಕಾದಲ್ಲೂ ಹೀಗೇ ಆಯಿತು.

ನ್ಯೂಯಾರ್ಕ್‌ನ ಮುಚ್ಚಿದ ಬಾಗಿಲು ಸ್ಯಾಂಡರ್ಸ್‌ಗೆ ಹೊಡೆತ. ನಮ್ಮ ಕಾಕಸ್ ಅವರಿಗೆ ವರ. ನಾನು ಸ್ಯಾಂಡರ್ಸ್‌ಗೇ ಹಾಕಿದವಳು, ಆದರೂ ನನಗೆ ಆ ನರ್ಸ್ ಮರೆಯುವುದಿಲ್ಲ. 2020ರಲ್ಲಿ ನಮ್ಮ ರಾಜ್ಯ ಕಾಕಸ್ ಬಿಟ್ಟು ಪ್ರೈಮರಿಗೆ ಬಂತು. ಆ ಹಾಲಿನ ಬಿಸಿ ಹೋಯಿತು. ಹೋಗಲಿ.

ಕ್ವೀನ್ಸ್ ಕಾಫಿ

ಒಪ್ಪುತ್ತೇನೆ. ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸೂಪರ್‌ಡೆಲಿಗೇಟ್‌ಗಳನ್ನು ಪೂರ್ತಿ ಪಕ್ಕಕ್ಕಿಟ್ಟರೂ ಕ್ಲಿಂಟನ್ ಮುಂದಿದ್ದರು. ಮತದಲ್ಲೂ, ಜನ ಆರಿಸಿದ ಡೆಲಿಗೇಟ್‌ಗಳಲ್ಲೂ. ಮೇ ತಿಂಗಳಲ್ಲಿ ನಮ್ಮ ಕಡೆಯವರೇ ಸೂಪರ್‌ಡೆಲಿಗೇಟ್‌ಗಳಿಗೆ 'ಈ ಕಡೆ ಬನ್ನಿ, ನವೆಂಬರ್‌ನಲ್ಲಿ ಗೆಲ್ಲುವುದು ನಮ್ಮವರು' ಅಂತ ಕೇಳಿಕೊಂಡರು. ಆಗ ನನಗೆ ನಾಚಿಕೆಯಾಯಿತು. ಯಾವ ಬಾಗಿಲನ್ನು ಮುಚ್ಚಿ ಅಂತ ಕೂಗಿದ್ದೆವೋ ಅದನ್ನೇ ತಟ್ಟಿದೆವು.

ಆದರೆ ಕೂಗಿದ್ದು ವ್ಯರ್ಥವಾಗಲಿಲ್ಲ. 2018ರ ಆಗಸ್ಟ್ 25ರಂದು ಷಿಕಾಗೋದಲ್ಲಿ ರಾಷ್ಟ್ರೀಯ ಸಮಿತಿ ನಿಯಮ ಬದಲಾಯಿಸಿತು. ಪೈಪೋಟಿ ಇರುವ ಸಮಾವೇಶದ ಮೊದಲ ಸುತ್ತಿನಲ್ಲಿ ಸೂಪರ್‌ಡೆಲಿಗೇಟ್‌ಗಳಿಗೆ ಈಗ ಮತ ಇಲ್ಲ. ಆಟ ಮುಗಿದ ಮೇಲೆ, ಮುಂದಿನ ಆಟಕ್ಕೆ ಮುಂಚೆ. ಹುರಾನ್ ಅವರು ಹೇಳುವ ಹಾಗೆಯೇ.

ಹುರಾನ್ ತೀರ

ಧನ್ಯವಾದ. ಸೂಪರ್‌ಡೆಲಿಗೇಟ್ ಬಂದದ್ದು ಹೇಗೆ ಅಂತ ಅರಸೀಕೆರೆಯವರಿಗೆ ಸ್ವಲ್ಪ ಹೇಳುತ್ತೇನೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರೈಮರಿಗಳಲ್ಲಿ ಮತ ಹಾಕಿದವರು ಷಿಕಾಗೋದ ಬೀದಿಯಲ್ಲಿ ಪೊಲೀಸರ ಲಾಠಿ ತಿಂದರು. ಆ ಅವಮಾನದಿಂದ ಮೆಕ್‌ಗವರ್ನ್–ಫ್ರೇಸರ್ ಆಯೋಗ ಹುಟ್ಟಿತು. ಡೆಲಿಗೇಟ್‌ಗಳ ಆಯ್ಕೆ ಬಹಿರಂಗವಾಗಿ, ಚುನಾವಣೆಯ ವರ್ಷದಲ್ಲೇ ನಡೆಯಬೇಕು, ಮಹಿಳೆಯರಿಗೆ, ಯುವಕರಿಗೆ, ಕಪ್ಪು ಜನರಿಗೆ ಜಾಗ ಇರಬೇಕು ಅಂತ ನಿಯಮ ಬಂತು. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರೇ ಅಭ್ಯರ್ಥಿಯಾಗಿ 49 ರಾಜ್ಯಗಳಲ್ಲಿ ಸೋತರು. ಜನರ ಕೈಗೆ ಪೂರ್ತಿ ಬಿಟ್ಟರೆ ಹೀಗಾಗುತ್ತದೆ ಅಂತ ನಾಯಕರಿಗೆ ಭಯ. 1980ರಲ್ಲಿ ಕಾರ್ಟರ್ ಸೋತ ಮೇಲೆ ಹಂಟ್ ಆಯೋಗ ಕೂತು ಸೂಪರ್‌ಡೆಲಿಗೇಟ್ ಅನ್ನುವ ವ್ಯವಸ್ಥೆ ತಂದಿತು. 1984ರಿಂದ ಜಾರಿ. ನನ್ನ ಅನುಭವದಲ್ಲಿ ಅವರು ಕೊನೆಗೆ ಗೆದ್ದೆತ್ತಿನ ಬಾಲವನ್ನೇ ಹಿಡಿಯುತ್ತಾರೆ. 2008ರಲ್ಲೂ ಮೊದಲು ಕ್ಲಿಂಟನ್ ಕಡೆ ಇದ್ದವರು ಎಷ್ಟೋ ಮಂದಿ ಒಬಾಮಾ ಕಡೆ ಬಂದರು.

ಅಂದ ಹಾಗೆ, ಡೆಟ್ರಾಯ್ಟ್ ಭಾಗದ ಸಂಸದ ಶ್ರೀ ಥಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಡೆಮಾಕ್ರಟಿಕ್ ಸಂಸದರಿಗೆಲ್ಲ ಸೂಪರ್‌ಡೆಲಿಗೇಟ್ ಸ್ಥಾನ ತಾನಾಗಿಯೇ ಬರುತ್ತದೆ. ಹಾಗಾಗಿ 2024ರಲ್ಲಿ ಬೆಳಗಾವಿಯ ಒಬ್ಬರಿಗೂ ಆ ಸ್ಥಾನ ಸಿಕ್ಕಿತು.

ಕರಿಕೋಟು ಅವರ ಟೆಕ್ಸಾಸ್ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅದು ತೀರಾ ಹಳೆಯದು, ತೀರಾ ಅತಿರೇಕದ್ದು. ಇವತ್ತಿನ ಜಗಳ ಅಂಥದ್ದಲ್ಲ. ಇವತ್ತಿನದು 2020ರದರ ಥರ. ಚರ್ಚೆಯ ವೇದಿಕೆ ಹತ್ತಲು ಇಷ್ಟು ಜನ ದೇಣಿಗೆ ಕೊಟ್ಟಿರಬೇಕು ಅಂತ ಷರತ್ತಿತ್ತು. ಕಣದಲ್ಲಿದ್ದ ಕೋರಿ ಬುಕರ್ ಮತ್ತಿತರರು ಷರತ್ತು ಸಡಿಲಿಸಿ ಅಂತ 2019ರ ಡಿಸೆಂಬರ್‌ನಲ್ಲಿ ಬರೆದುಕೊಂಡರೆ ಆಗಲ್ಲ ಅಂದರು. ಜನವರಿ ಕೊನೆಗೆ ಅದೇ ದೇಣಿಗೆಯ ಷರತ್ತು ತೆಗೆದರು. ಸ್ವಂತ ದುಡ್ಡಲ್ಲಿ ಓಡುತ್ತಿದ್ದ ಮೈಕಲ್ ಬ್ಲೂಮ್‌ಬರ್ಗ್ ಫೆಬ್ರವರಿಯಲ್ಲಿ ವೇದಿಕೆ ಹತ್ತಿದರು. ಅಷ್ಟರಲ್ಲಿ ಬುಕರ್ ಮನೆಗೆ ಹೋಗಿದ್ದರು. ಒಬ್ಬರಿಗೆ ಇಲ್ಲ ಅಂದ ಸಡಿಲಿಕೆ ಇನ್ನೊಬ್ಬರಿಗೆ ಸಿಕ್ಕಿತು. ನಾನು ಹೇಳುತ್ತಿರುವುದು ಇದನ್ನೇ.

ಬಿಸಿಲುನಾಡು

ಕಲಬುರಗಿಯಿಂದ ಬರೆಯುತ್ತಿದ್ದೇನೆ, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಜಿಲ್ಲೆಯ ಮಲ್ಲಿಕಾರ್ಜುನ ಖರ್ಗೆ 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದಾಗಲೂ ಇಂಥದ್ದೇ ಮಾತು ಬಂತು. ಖರ್ಗೆಯವರಿಗೆ 7,897, ಶಶಿ ತರೂರ್‌ಗೆ 1,072. ಇಷ್ಟು ದೊಡ್ಡ ಅಂತರ. ಆದರೂ ಉತ್ತರ ಪ್ರದೇಶದ ಮತದಾನದ ಬಗ್ಗೆ ತರೂರ್ ಕಡೆಯವರು ದೂರು ಕೊಟ್ಟರು. ಮತದಾರರ ಪಟ್ಟಿಯ ಬಗ್ಗೆಯೂ ಮೊದಲೇ ತಕರಾರು ಇತ್ತು. ಪಕ್ಷದ ಒಳಗಿನ ಚುನಾವಣೆ ಅಂದಕೂಡಲೇ ಮೊದಲ ಪ್ರಶ್ನೆ ಯಾರು ಗೆದ್ದರು ಅನ್ನುವುದಲ್ಲ, ಪಟ್ಟಿ ಯಾರ ಕೈಯಲ್ಲಿತ್ತು ಅನ್ನುವುದು. ಇದನ್ನು ಇಷ್ಟಕ್ಕೇ ಬಿಡುತ್ತೇನೆ, ವಿಷಯ ಅಮೆರಿಕದ್ದು.

ಹುರಾನ್ ಅವರೇ, ಟೆಕ್ಸಾಸ್ ಹಳೆಯದು ಅಂದಿರಿ. 1964ಕ್ಕೆ ಬನ್ನಿ.

ಮಿಸಿಸಿಪ್ಪಿಯಲ್ಲಿ ಆಗ ಮತದ ವಯಸ್ಸಿನ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಫ್ಯಾನಿ ಲೂ ಹೇಮರ್ ಅನ್ನುವ ಹೆಣ್ಣುಮಗಳು ಹತ್ತಿ ತೋಟದಲ್ಲಿ ಕೂಲಿ. 1962ರ ಆಗಸ್ಟ್ 31ರಂದು ಹೆಸರು ನೋಂದಾಯಿಸಲು ಇಂಡಿಯನೋಲಾ ಅನ್ನುವ ಊರಿಗೆ ಹೋದರು. ವಾಪಸ್ ಬಂದರೆ, ಹೆಸರು ವಾಪಸ್ ತಗೋ, ಇಲ್ಲವೇ ತೋಟ ಬಿಟ್ಟು ಹೋಗು ಅಂದ ಒಡೆಯ. ಹದಿನೆಂಟು ವರ್ಷ ದುಡಿದ ಜಾಗ. ಅವತ್ತೇ ರಾತ್ರಿ ಹೊರಟರು. ಮರುವರ್ಷ ವಿನೋನಾ ಜೈಲಿನಲ್ಲಿ ಅವರನ್ನು ಹೊಡೆದ ಹೊಡೆತಕ್ಕೆ ಮೂತ್ರಪಿಂಡಕ್ಕೆ ಶಾಶ್ವತ ಪೆಟ್ಟಾಯಿತು.

ಪಕ್ಷದ ಸಭೆಗಳಿಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಅವರು ತಮ್ಮದೇ ಸಭೆಗಳನ್ನು ನಡೆಸಿದರು. ಎಲ್ಲರಿಗೂ ತೆರೆದ ಸಭೆ. ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಅಂತ ಹೆಸರಿಟ್ಟು, ತಾವೇ ಡೆಲಿಗೇಟ್‌ಗಳನ್ನು ಆರಿಸಿ, ಬಸ್ ಹತ್ತಿ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಬಂದರು. ಆಗಸ್ಟ್ 22ರಂದು, ಯಾವ ತಂಡವನ್ನು ಕೂರಿಸಬೇಕು ಅಂತ ನೋಡುವ ಅರ್ಹತಾ ಸಮಿತಿಯ ಮುಂದೆ ಹೇಮರ್ ತಮ್ಮ ಕಥೆ ಹೇಳಿದರು. ಟಿವಿಯಲ್ಲಿ ನೇರ ಪ್ರಸಾರ. ನಡುವೆ ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರನೆ ಪತ್ರಕರ್ತರನ್ನು ಕರೆದರು, ಕ್ಯಾಮೆರಾಗಳು ಆ ಕಡೆ ತಿರುಗಿದವು. ಆದರೆ ರಾತ್ರಿ ಸುದ್ದಿಯಲ್ಲಿ ಹೇಮರ್ ಮಾತನ್ನು ದೇಶವೆಲ್ಲ ನೋಡಿತು.

ನಿಯಮದ ಪ್ರಕಾರ ಸರಿ ಇದ್ದವರು ಯಾರು? ಬಿಳಿಯರ ತಂಡ. ರಾಜ್ಯದ ಕಾನೂನಿನಂತೆ ಆಯ್ಕೆಯಾದವರು. ಆಯ್ಕೆ ಎಲ್ಲ ಮುಗಿದ ಮೇಲೆ ಬಂದು ನಿಯಮ ಬದಲಾಯಿಸಿ ಅಂದವರು ಹೇಮರ್ ತಂಡ. ಪಕ್ಷ ಅವರಿಗೆ ಎರಡು ಕುರ್ಚಿ ಕೊಡುತ್ತೇವೆ ಅಂದಿತು. ಆ ಇಬ್ಬರು ಯಾರು ಅನ್ನುವುದನ್ನೂ ಪಕ್ಷವೇ ತೀರ್ಮಾನಿಸಿತ್ತು. ಉಳಿದವರು ಅತಿಥಿಗಳು. ಬರೀ ಎರಡು ಕುರ್ಚಿಗಾಗಿ ಇಷ್ಟು ದೂರ ಬರಲಿಲ್ಲ ಅಂದರು ಹೇಮರ್.

ನಿಮ್ಮ ಅಳತೆಯಲ್ಲಿ ಅವರಿಗೆ ಏನು ಹೇಳುತ್ತೀರಿ? ಮುಂದಿನ ಆಟಕ್ಕೆ ಬನ್ನಿ ಅಂತಲಾ? ನಿಯಮ ಮಾಡುವ ಕೋಣೆಗೆ ಯಾವತ್ತೂ ಬಿಡದವರು ಆಟದ ನಡುವೆ ಅಲ್ಲದೆ ಇನ್ನೆಲ್ಲಿ ಮಾತಾಡಬೇಕು?

ಮಳೆಯೂರು

ಎರಡು ಸಲ ಓದಿದೆ. ಮಗಳಿಗೂ ಓದಿ ಹೇಳಿದೆ.

ಹುರಾನ್ ತೀರ

ಒಂದು ದಿನ ಸುಮ್ನೆ ಇದ್ದೆ. ಯೋಚಿಸಿ ಬರೆಯೋಣ ಅಂತ.

ಬಿಸಿಲುನಾಡು ಅವರೇ, ನೀವು ಹೇಳಿದ್ದು ಸರಿ. ಹೇಮರ್ ಅವರಿಗೆ ಕಾಯಿರಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಳತೆಗೋಲು ಒಳಗೆ ಇರುವವರಿಗೆ ಮಾತ್ರ ಹೊಂದುತ್ತದೆ. ಹೆರಾಲ್ಡ್ ಇಕಿಸ್ ನಿಯಮ ಮಾಡಿದ ಮೇಜಿನಲ್ಲೇ ಕೂತಿದ್ದವರು. ಅವರು ನಡುವೆ ಮಾತು ಬದಲಾಯಿಸಿದ್ದು ಬೇರೆ. ಹೇಮರ್ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ತಪ್ಪು.

ಆದರೆ ಮಿಷಿಗನ್ ಮತದಾರ ಎಲ್ಲಿ ಬರುತ್ತಾನೆ? ನಮ್ಮ ಸೆನೆಟರ್ ಕಾರ್ಲ್ ಲೆವಿನ್ ವರ್ಷಗಟ್ಟಲೆ ಕೇಳಿದ್ದು ಒಂದೇ ಪ್ರಶ್ನೆ. ಅಯೋವಾ, ನ್ಯೂ ಹ್ಯಾಂಪ್‌ಶೈರ್ ಯಾಕೆ ಯಾವಾಗಲೂ ಮೊದಲು? ಎರಡೂ ಚಿಕ್ಕ ರಾಜ್ಯಗಳು, ಬಹುಪಾಲು ಬಿಳಿಯರು. ಕಾರು ಕಾರ್ಖಾನೆ ಮುಚ್ಚಿದ ಊರುಗಳ ಮಾತು ಅಭ್ಯರ್ಥಿಯ ಕಿವಿಗೆ ಬೀಳುವುದು ಕೊನೆಗೆ. ಆ ಪ್ರಶ್ನೆ ನ್ಯಾಯದ್ದೇ. 2020ರಲ್ಲಿ ಅಯೋವಾ ಕಾಕಸ್‌ನ ಆ್ಯಪ್ ಕೆಟ್ಟು, ಲೆಕ್ಕ ದಿನಗಟ್ಟಲೆ ತಡವಾಯಿತು. ಆಮೇಲೆ ಪಕ್ಷ 2024ಕ್ಕೆ ಸೌತ್ ಕೆರೊಲಿನಾವನ್ನು ಮೊದಲು ಇಟ್ಟು, ಮಿಷಿಗನ್ನನ್ನೂ ಮುಂದೆ ತಂದಿತು. ಲೆವಿನ್ 2021ರಲ್ಲೇ ತೀರಿಕೊಂಡಿದ್ದರು. ನೋಡಲು ಇರಲಿಲ್ಲ.

ಆಗ ನ್ಯೂ ಹ್ಯಾಂಪ್‌ಶೈರ್ ಏನು ಮಾಡಿತು? 2008ರಲ್ಲಿ ನಾವು ಮಾಡಿದ್ದನ್ನೇ. ನಾವೇ ಮೊದಲು ಅನ್ನುವುದು ನಮ್ಮ ರಾಜ್ಯದ ಕಾನೂನು ಅಂತ ಜನವರಿ 23ಕ್ಕೆ ಪ್ರೈಮರಿ ನಡೆಸಿತು. ಬೈಡನ್ ಹೆಸರು ಬ್ಯಾಲೆಟ್‌ನಲ್ಲಿ ಇರಲಿಲ್ಲ. ಜನ ಕೈಯಲ್ಲಿ ಹೆಸರು ಬರೆದು ಅವರನ್ನು ಗೆಲ್ಲಿಸಿದರು.

ಫೆಬ್ರವರಿ 27ಕ್ಕೆ ನಮ್ಮ ಸರದಿ. ಬ್ಯಾಲೆಟ್ ಕೈಗೆ ಬಂತು. ಅದೇ ಸಾಲು, 'ಅನ್‌ಕಮಿಟೆಡ್'. ಈ ಸಲ ಗಾಜಾ ಯುದ್ಧದ ನೋವಿನಿಂದ ಒಂದು ಲಕ್ಷಕ್ಕೂ ಜಾಸ್ತಿ ಜನ ಅದಕ್ಕೆ ಹಾಕಿದರು. ಈ ಸಲ ಅದನ್ನು ಯಾರ ಹೆಸರಿಗೂ ಬದಲಾಯಿಸಲಿಲ್ಲ. ಅನ್‌ಕಮಿಟೆಡ್ ಅಂತಲೇ ಎರಡು ಡೆಲಿಗೇಟ್ ಕೊಟ್ಟರು. ಎರಡೇ. ಆದರೆ ಹಾಕಿದ ಮತ ಹಾಕಿದ ಹಾಗೇ ಉಳಿಯಿತು. ಹದಿನಾರು ವರ್ಷ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಅವತ್ತು ಸ್ವಲ್ಪ ಕಡಿಮೆಯಾಯಿತು.

ಕರಿಕೋಟು

2024ರ ಇನ್ನೊಂದು ಭಾಗ ಮರೆಯಬೇಡಿ. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು. ಅಷ್ಟರಲ್ಲಿ ಪ್ರೈಮರಿ ಎಲ್ಲ ಮುಗಿದಿತ್ತು. ಕಮಲಾ ಹ್ಯಾರಿಸ್ ಆಗಸ್ಟ್ ಮೊದಲ ವಾರ ಡೆಲಿಗೇಟ್‌ಗಳ ಆನ್‌ಲೈನ್ ಮತದಲ್ಲಿ ಅಭ್ಯರ್ಥಿಯಾದರು. ಒಬ್ಬ ಮತದಾರನೂ ಹಾಕಲಿಲ್ಲ, ಇದು ಮೋಸ ಅಂತ ಎಷ್ಟೋ ಜನ ಬರೆದರು. ನಿಯಮ ಮಾತ್ರ ಇತ್ತು. 1980ರ ಸಮಾವೇಶಕ್ಕೆ ಕಾರ್ಟರ್ ಕಡೆಯವರು ಡೆಲಿಗೇಟ್‌ಗಳನ್ನು ಕಟ್ಟಿಹಾಕುವ ನಿಯಮ ತಂದರು. ಮಾತಿಗೆ ತಪ್ಪಿದ ಡೆಲಿಗೇಟ್ ಜಾಗಕ್ಕೆ ಬೇರೆಯವರನ್ನು ತರಬಹುದಿತ್ತು. ಕಾರ್ಟರ್ ಎದುರಾಳಿ ಟೆಡ್ ಕೆನಡಿ ನ್ಯೂಯಾರ್ಕ್ ಸಮಾವೇಶದಲ್ಲಿ ಅದನ್ನು ಮುರಿಯಲು ಹೋರಾಡಿ ಸೋತರು. ಆದರೆ ಎರಡೇ ವರ್ಷದಲ್ಲಿ ಆ ನಿಯಮ ಹೋಯಿತು. ತಮ್ಮನ್ನು ಆರಿಸಿದವರ ಮನಸ್ಸನ್ನು ಆತ್ಮಸಾಕ್ಷಿಗೆ ಒಪ್ಪುವಂತೆ ಪ್ರತಿನಿಧಿಸಬೇಕು ಅನ್ನುವ ಅರ್ಥದ ಸಾಲು ಬಂತು. 2024ರಲ್ಲಿ ಡೆಲಿಗೇಟ್‌ಗಳು ನಿಂತದ್ದು ಆ ಸಾಲಿನ ಮೇಲೆ. ಇದು ಕಾನೂನುಬದ್ಧ. ತೃಪ್ತಿ ಕೊಟ್ಟಿತಾ ಅಂದರೆ, ನನಗೆ ಪೂರ್ತಿ ಇಲ್ಲ. ಎರಡು ಮೂರು ವಾರ ಆದರೂ ಬಹಿರಂಗ ಪೈಪೋಟಿ ನಡೆಯಬೇಕಿತ್ತು.

ಬಿಸಿಲುನಾಡು

ಹುರಾನ್ ಅವರೇ, ನಿಮ್ಮ ಉತ್ತರಕ್ಕೆ ಧನ್ಯವಾದ. ಒಂದು ಮಾತು ಸೇರಿಸುತ್ತೇನೆ. 1964ರಲ್ಲಿ ಎರಡು ಕುರ್ಚಿ ಬೇಡ ಅಂದು ಹೋದ ಮೇಲೆ, ಮುಂದಿನ ಸಲದಿಂದ ಬಣ್ಣ ನೋಡಿ ಹೊರಗಿಟ್ಟ ರಾಜ್ಯದ ತಂಡಕ್ಕೆ ಜಾಗವಿಲ್ಲ ಅಂತ ಪಕ್ಷ ತೀರ್ಮಾನಿಸಿತು. 1968ರಲ್ಲಿ ಷಿಕಾಗೋದಲ್ಲಿ ಮಿಸಿಸಿಪ್ಪಿಯ ಹಳೆಯ ತಂಡವನ್ನು ಹೊರಗೆ ಕಳಿಸಿ ಹೊಸ ತಂಡವನ್ನು ಕೂರಿಸಿದರು. ಹೇಮರ್ ತಮ್ಮ ಕುರ್ಚಿಗೆ ಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅರಸೀಕೆರೆ ಜಂಕ್ಷನ್

ಮೂರು ದಿನದಿಂದ ಓದುತ್ತಿದ್ದೇನೆ. ಒಂದು ಉಪಯೋಗದ ಪ್ರಶ್ನೆ. ಅಕ್ಕ ಇರುವುದು ನ್ಯೂಯಾರ್ಕ್‌ನಲ್ಲಿ, ಹೋದ ತಿಂಗಳು ಪೌರತ್ವ ಬಂತು. ಮತದಾರರ ಫಾರಂ ತುಂಬುತ್ತಿದ್ದಾಳಂತೆ. ಏನಾದರೂ ಹೇಳಬೇಕಾ?

ಕ್ವೀನ್ಸ್ ಕಾಫಿ

ಪಕ್ಷದ ಖಾನೆ ನೋಡಲು ಹೇಳಿ. ಯಾವ ಪಕ್ಷ ಅನ್ನುವುದು ಅವರಿಷ್ಟ, ಅದನ್ನು ನಾನು ಹೇಳುವುದಿಲ್ಲ. ಆದರೆ ಪ್ರೈಮರಿಯಲ್ಲಿ ಮತ ಬೇಕು ಅಂದರೆ ಒಂದನ್ನು ಆರಿಸಬೇಕು. ನ್ಯೂಯಾರ್ಕ್‌ನಲ್ಲಿ ಈಗಲೂ ಸದಸ್ಯರಿಗೆ ಮಾತ್ರ. ಆಮೇಲೆ ಪಕ್ಷ ಬದಲಾಯಿಸಬೇಕು ಅನ್ನಿಸಿದರೆ ಈಗ ಕೊನೇ ದಿನ ಪ್ರೈಮರಿಯ ವರ್ಷದ ಫೆಬ್ರವರಿ 14. ನಮ್ಮ ಕಾಲದ ಅಕ್ಟೋಬರ್ ಹೋಯಿತು. 2016ರ ಗಲಾಟೆ ಆದ ಮೇಲೆ ಶಾಸನಸಭೆ ಬದಲಾಯಿಸಿತು.

ಅರಸೀಕೆರೆ ಜಂಕ್ಷನ್

ಫೋನ್ ಮಾಡಿ ಫಾರಂನ ಫೋಟೋ ತರಿಸಿಕೊಂಡೆ. ಹೆಸರು, ವಿಳಾಸ, ಸಹಿ ಎಲ್ಲ ಹಾಕಿದ್ದಾಳೆ. ಆ ಖಾನೆ ಖಾಲಿ ಇದೆ. ಲಕೋಟೆ ಅಂಟಿಸಿಲ್ಲವಂತೆ, ಅಡುಗೆಮನೆ ಮೇಜಿನ ಮೇಲೇ ಇದೆ. ಭಾವನ ಜೊತೆ ಕೂತು ಮಾತಾಡಿ ಇವತ್ತು ರಾತ್ರಿ ತುಂಬುತ್ತಾಳಂತೆ.